ಬೋಟ್ಸ್ವಾನಾ, ಜಾಂಬಿಯಾ: ಜನಜೀವನ ಎಲ್ಲಿ ಮೇಲು?

ದಕ್ಷಿಣ ಆಫ್ರಿಕಾ ಭಾಗದ ಈ ಎರಡು ನೆರೆಹೊರೆಯ ದೇಶಗಳಲ್ಲಿ ಬದುಕು ಎಲ್ಲಿ ಹಸನು ಎಂದು ಕೇಳಿದ್ದೀರಿ. ಸರಾಸರಿ ಆದಾಯ, ರಸ್ತೆ, ಕುಡಿಯುವ ನೀರು, ಯಾವುದನ್ನು ನೋಡಿದರೂ ಬೋಟ್ಸ್ವಾನಾ ಮುಂದಿದೆ.

ಮೊದಲು ಹೀಗಿರಲಿಲ್ಲ. 1964ರಲ್ಲಿ ಸ್ವತಂತ್ರವಾದಾಗ ಜಾಂಬಿಯಾದ ಕೈಯಲ್ಲಿ ತಾಮ್ರದ ದೊಡ್ಡ ಗಣಿಗಳಿದ್ದವು. 1966ರಲ್ಲಿ ಸ್ವತಂತ್ರವಾದ ಬೋಟ್ಸ್ವಾನಾದ ಬಳಿ ದನಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಅವರ ಸರ್ಕಾರ ಡಿ ಬಿಯರ್ಸ್ ಎಂಬ ವಜ್ರದ ಕಂಪನಿಯೊಂದಿಗೆ ಪಟ್ಟುಹಿಡಿದು ಚೌಕಾಸಿ ಮಾಡಿ, ಕೊನೆಗೆ ಗಣಿಗಾರಿಕೆಯಲ್ಲಿ ಅರ್ಧ ಪಾಲು ಪಡೆಯಿತು. ಆ ಹಣ ಶಾಲೆ, ಆಸ್ಪತ್ರೆ, ರಸ್ತೆಗಳಾಯಿತು. ನನ್ನ ಮಟ್ಟಿಗೆ ನಿರ್ಣಾಯಕ ಸಂಗತಿ ಇದೇ.

ಜಾಂಬಿಯಾವನ್ನು 1970ರ ದಶಕದಲ್ಲಿ ತಾಮ್ರದ ಬೆಲೆಕುಸಿತ ಕಂಗೆಡಿಸಿತು; 2020ರಲ್ಲಿ ವಿದೇಶಿ ಸಾಲ ತೀರಿಸಲಾಗದ ಸ್ಥಿತಿಯೂ ಬಂತು. ಆದರೆ ಅದನ್ನು ಬರೀ ಆಡಳಿತದ ಸೋಲು ಎನ್ನುವುದು ಅನ್ಯಾಯ. ಗಣಿಯ ಹಣ ಅಲ್ಲಿ ಸುಮಾರು 2 ಕೋಟಿ ಜನರಿಗೆ ಹಂಚಿಹೋಗಬೇಕು. ಬೋಟ್ಸ್ವಾನಾದಲ್ಲಿ ಇರುವುದು 25 ಲಕ್ಷದಷ್ಟು ಜನ ಮಾತ್ರ.

ಬೋಟ್ಸ್ವಾನಾದ ಸರಾಸರಿಯನ್ನೂ ಪೂರ್ತಿ ನಂಬಬೇಡಿ. ಆದಾಯದ ಅಸಮಾನತೆ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು, ಬಹಳಷ್ಟು ಯುವಕರಿಗೆ ಕೆಲಸವಿಲ್ಲ. ಏಡ್ಸ್ ಅಸಂಖ್ಯ ಕುಟುಂಬಗಳನ್ನು ಮುರಿಯಿತು. 2002ರಿಂದ ಸರ್ಕಾರ ಉಚಿತವಾಗಿ ಔಷಧ ಕೊಡತೊಡಗಿದ ಮೇಲೆ ಜನರ ಆಯಸ್ಸು ಮತ್ತೆ ಏರಿತು. ಇತ್ತ ಜಾಂಬಿಯಾವೂ ಸುಮ್ಮನೆ ಕುಳಿತಿಲ್ಲ: 2022ರಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶುಲ್ಕವನ್ನೂ ತೆಗೆದುಹಾಕಿದೆ.