ಮ್ಯಾಸ್ಟೊಡಾನ್ ಸೇರುವುದು ಹೇಗೆ? ಎಕ್ಸ್, ಬ್ಲೂಸ್ಕೈಗಿಂತ ಅದು ಹೇಗೆ ಬೇರೆ?

ಮ್ಯಾಸ್ಟೊಡಾನ್ ಕೂಡ ಎಕ್ಸ್ (ಹಿಂದಿನ ಟ್ವಿಟರ್), ಬ್ಲೂಸ್ಕೈಗಳಂತೆ ಚಿಕ್ಕ ಪೋಸ್ಟ್‌ಗಳ ಸಾಮಾಜಿಕ ಜಾಲತಾಣ. ಆದರೆ ಅದು ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳು, ಅಂದರೆ ಪುಟ್ಟ ತಾಣಗಳು, ಸೇರಿ ಆದದ್ದು. ಖಾತೆ ತೆರೆಯುವುದು ಸುಲಭ. ತೊಡಕೆನಿಸುವುದು ‘ಸರ್ವರ್ ಆರಿಸಿ’ ಎಂದು ಕೇಳಿದಾಗ. ಎಷ್ಟೋ ಜನ ಅಲ್ಲಿಂದಲೇ ವಾಪಸಾಗುತ್ತಾರೆ. ಹೆದರಬೇಡಿ, ಇದು ಇಮೇಲ್ ಇದ್ದಂತೆ. ಜಿಮೇಲ್‌ನಲ್ಲಿದ್ದವರು ಯಾಹೂದಲ್ಲಿರುವವರಿಗೆ ಬರೆಯುವುದಿಲ್ಲವೇ? ಹಾಗೆಯೇ ಒಂದು ಸರ್ವರ್‌ನಲ್ಲಿದ್ದುಕೊಂಡು ಇನ್ನೊಂದರಲ್ಲಿ ಇರುವವರನ್ನು ಫಾಲೋ ಮಾಡಬಹುದು. ಆದರೆ ಸೇರುವ ಮುಂಚೆ ಆ ಸರ್ವರ್‌ನ ನಿಯಮಗಳನ್ನು ತಪ್ಪದೆ ಓದಿ. ಯಾವ ಪೋಸ್ಟ್ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರು ಅದನ್ನು ನಡೆಸುವವರೇ. ಮುಂದೆ ಬೇರೆ ಸರ್ವರ್‌ಗೆ ಹೋದರೆ ಫಾಲೋವರ್‌ಗಳನ್ನು ಕರೆದೊಯ್ಯಬಹುದು, ಹಳೆಯ ಪೋಸ್ಟ್‌ಗಳು ಮಾತ್ರ ಹಿಂದೆಯೇ ಉಳಿಯುತ್ತವೆ.

2016ರಲ್ಲಿ ಯೂಜೆನ್ ರೋಚ್ಕೊ ಶುರುಮಾಡಿದ ಈ ತಾಣದ ತಂತ್ರಾಂಶದಲ್ಲಿ ಜಾಹೀರಾತಿನ ವ್ಯವಸ್ಥೆಯೇ ಇಲ್ಲ. ನೀವು ಫಾಲೋ ಮಾಡಿದವರ ಪೋಸ್ಟ್‌ಗಳು ಬರೆದ ಹೊತ್ತಿನ ಕ್ರಮದಲ್ಲೇ ಬರುತ್ತವೆ. ನನಗೆ ಅತ್ಯಂತ ಇಷ್ಟವಾದದ್ದು ಇದೇ. ಒಂದು ಪೋಸ್ಟ್‌ಗೆ ಸಾಮಾನ್ಯವಾಗಿ 500 ಅಕ್ಷರಗಳ ಮಿತಿ. ಬ್ಲೂಸ್ಕೈನಲ್ಲಿ 300, ಎಕ್ಸ್‌ನ ಉಚಿತ ಖಾತೆಯಲ್ಲಿ 280.

ಬ್ಲೂಸ್ಕೈ 2024ರ ಫೆಬ್ರುವರಿಯಲ್ಲಿ ಆಹ್ವಾನದ ಹಂಗಿಲ್ಲದೆ ಎಲ್ಲರಿಗೂ ತೆರೆಯಿತು. ಸರ್ವರ್ ಹುಡುಕುವ ತಲೆನೋವು ಬೇಡವೆನ್ನುವವರಿಗೆ ಅದೇ ಹಗುರ. ಕ್ಷಣಕ್ಷಣದ ಸುದ್ದಿಯೇ ಮುಖ್ಯ ಎಂದಾದರೆ ಎಕ್ಸ್ ಬಿಡಬೇಡಿ.

ಮ್ಯಾಸ್ಟೊಡಾನ್‌ನಲ್ಲಿ ಮೊದಲ ದಿನ ಹೋಮ್ ಪುಟ ಖಾಲಿ ಹೊಡೆಯುತ್ತದೆ. ವ್ಯಕ್ತಿಗಳನ್ನಷ್ಟೇ ಅಲ್ಲ, ಹ್ಯಾಶ್‌ಟ್ಯಾಗ್‌ಗಳನ್ನೂ ಫಾಲೋ ಮಾಡಬಹುದು. ಹಕ್ಕಿಗಳೋ ಖಗೋಳವೋ, ನಿಮ್ಮ ಆಸಕ್ತಿಯ ನಾಲ್ಕೈದನ್ನು ಸೇರಿಸಿಕೊಳ್ಳಿ, ಎರಡು ಸಾಲು ಪರಿಚಯ ಬರೆಯಿರಿ, ಕಂಡ ಪೋಸ್ಟ್‌ಗಳಿಗೆ ಉತ್ತರಿಸಿ. ಮಾತು ಅಲ್ಲಿಂದಲೇ ಬೆಳೆಯುತ್ತದೆ.