ವಾಷಿಂಗ್ಟನ್: ಮೊದಲು ಊರೋ, ಮನೆತನವೋ?

ಪ್ರಶ್ನೆ: ‘ವಾಷಿಂಗ್ಟನ್’ ಎಂಬ ಹೆಸರಿನ ಅರ್ಥವೇನು? ಅದು ಮೊದಲು ಊರಿನ ಹೆಸರಾಗಿತ್ತೋ, ಮನೆತನದ ಹೆಸರಾಗಿತ್ತೋ? ಬಟ್ಟೆ ಒಗೆಯುವುದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಪರಿಚಿತರೊಬ್ಬರು ವಾದಿಸುತ್ತಾರೆ. ನಂಬಬಹುದೇ?

ಉತ್ತರ: ಒಗೆತದ ಕಥೆಯನ್ನು ನಂಬಬೇಡಿ, ಅದು ಇಂದಿನ ಉಚ್ಚಾರಣೆಯನ್ನು ಕೇಳಿ ಹುಟ್ಟಿದ ಊಹೆ. ಹೆಸರು ಮೊದಲು ಊರಿನದು, ಅದೂ ಅಮೆರಿಕದ್ದಲ್ಲ, ಇಂಗ್ಲೆಂಡಿನದು. ಈಶಾನ್ಯ ಇಂಗ್ಲೆಂಡಿನಲ್ಲಿ, ಇಂದು ಸಂಡರ್‌ಲ್ಯಾಂಡ್ ನಗರದ ಆಡಳಿತಕ್ಕೆ ಸೇರಿರುವ, ಹಿಂದೆ ಡರಂ ಕೌಂಟಿಯಲ್ಲಿದ್ದ ವಾಷಿಂಗ್ಟನ್ ಎಂಬ ಊರೇ ಈ ಮನೆತನದ ಹೆಸರಿನ ಮೂಲ.

ಹೆಸರನ್ನು ಬಿಡಿಸಿದರೆ ಮೂರು ತುಂಡುಗಳು ಸಿಗುತ್ತವೆ. ಕೊನೆಯ ‘ಟನ್’ ಎಂಬುದು ಹಳೆಯ ಇಂಗ್ಲಿಷಿನ ‘ಟೂನ್’. ಮೊದಲು ಬೇಲಿ ಹಾಕಿದ ಆವರಣ, ಆಮೇಲೆ ಹೊಲಮನೆ, ಮುಂದೆ ಜಹಗೀರು ಅಥವಾ ಹಳ್ಳಿ ಎಂದು ಅದರ ಅರ್ಥ ಹಿಗ್ಗುತ್ತ ಹೋಗಿ, ಕೊನೆಗೆ ಇಂದಿನ ‘ಟೌನ್’ ಆಯಿತು. ನಡುವಿನ ‘ಇಂಗ್’ ಒಬ್ಬ ವ್ಯಕ್ತಿಗೆ ಸಂಬಂಧಿಸಿದ್ದು ಎಂಬುದನ್ನು ಸೂಚಿಸುವ ಪ್ರತ್ಯಯ. ಮೊದಲ ತುಂಡು ಆ ವ್ಯಕ್ತಿಯ ಹೆಸರು. ‘ಹ್ವ್ಯಾಸ್ಸ’ ಎಂದಿರಬೇಕೆಂದು ಸ್ಥಳನಾಮ ವಿದ್ವಾಂಸರು ಊರಿನ ಹೆಸರಿನ ಹಳೆಯ ರೂಪಗಳಿಂದಲೇ ಅದನ್ನು ಕಟ್ಟಿಕೊಂಡಿದ್ದಾರೆ. ಒಟ್ಟಿನಲ್ಲಿ ‘ಹ್ವ್ಯಾಸ್ಸನೆಂಬವನಿಗೆ ಸಂಬಂಧಪಟ್ಟ ಜಹಗೀರು’ ಎಂದರ್ಥ. ದಕ್ಷಿಣದ ವೆಸ್ಟ್ ಸಸೆಕ್ಸ್‌ನಲ್ಲಿಯೂ ಇದೇ ಹೆಸರಿನ ಹಳ್ಳಿಯೊಂದಿದೆ. ಆದರೆ ಅದು ‘ವಾಸ್ಸ’ ಎಂಬ ಬೇರೊಬ್ಬನ ಕಡೆಯವರ ಊರು, ಕಾಲಕ್ರಮದಲ್ಲಿ ಎರಡೂ ಹೆಸರುಗಳು ಸವೆದು ಒಂದೇ ರೂಪಕ್ಕೆ ಬಂದಿವೆ. ಹಾಗೆಂದು ಒಂದೇ ತೆರನಾಗಿ ಕೇಳುವ ಎಲ್ಲ ಹೆಸರುಗಳನ್ನೂ ಹೀಗೆಯೇ ಬಿಡಿಸಹೊರಟರೆ ಎಡವುತ್ತೇವೆ: ಹಂಟಿಂಗ್‌ಡನ್‌ನ ಕೊನೆಯಲ್ಲಿರುವುದು ‘ಟೂನ್’ ಅಲ್ಲ, ಗುಡ್ಡ ಎಂಬರ್ಥದ ‘ಡೂನ್’.

ಇನ್ನು ಮನೆತನ. 12ನೇ ಶತಮಾನದ ಕೊನೆಯ ಭಾಗದಲ್ಲಿ ಹಾರ್ಟ್‌ಬರ್ನ್‌ನ ವಿಲಿಯಂ ಎಂಬ ಜಮೀನುದಾರ ವಾಷಿಂಗ್ಟನ್ನಿನ ಜಹಗೀರನ್ನು ಪಡೆದು ಅಲ್ಲಿಗೆ ಬಂದ. ಬಂದ ಮೇಲೆ ಹಳೆಯ ಊರಿನ ಹೆಸರನ್ನು ಬಿಟ್ಟು ಹೊಸ ಊರಿನ ಹೆಸರಿನಿಂದ ಕರೆಸಿಕೊಂಡ. ಆ ಕಾಲದಲ್ಲಿ ಇಂಥ ಹೆಸರು ವಂಶಕ್ಕೆ ಅಂಟಿದ್ದಲ್ಲ, ಜಮೀನಿಗೆ ಅಂಟಿದ್ದು, ಜಮೀನು ಬದಲಾದರೆ ಹೆಸರೂ ಬದಲಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಅದು ತಲೆಮಾರಿನಿಂದ ತಲೆಮಾರಿಗೆ ಸ್ಥಿರವಾಗಿ ಇಳಿದದ್ದು ಅನಂತರ. ಈ ವಂಶದ ಶಾಖೆಯೊಂದು ನಾರ್ಥಾಂಪ್ಟನ್‌ಶೈರಿನ ಸಲ್‌ಗ್ರೇವ್‌ನಲ್ಲಿ ನೆಲೆಸಿತು. ಅದಕ್ಕೆ ಸೇರಿದ ಜಾನ್ ವಾಷಿಂಗ್ಟನ್ 1650ರ ದಶಕದಲ್ಲಿ ವರ್ಜೀನಿಯಾಕ್ಕೆ ಹೋದ. ಆತನ ಮರಿಮಗನೇ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್. ಬಿಳಿಯ ಹಿನ್ನೆಲೆಯ ಮೇಲೆ ಎರಡು ಕೆಂಪು ಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರ ಇರುವ ಈ ಮನೆತನದ ಲಾಂಛನವನ್ನು ಇಂದಿಗೂ ಅಮೆರಿಕದ ರಾಜಧಾನಿಯ ಧ್ವಜದಲ್ಲಿ ಕಾಣಬಹುದು.

ಪ್ರಶ್ನೆ: ಹಾಗಾದರೆ ಅಮೆರಿಕದಲ್ಲಿ ಈ ಹೆಸರಿರುವವರೆಲ್ಲರೂ ಅಧ್ಯಕ್ಷರ ವಂಶಸ್ಥರೇ?

ಉತ್ತರ: ಅಲ್ಲ. ಜಾರ್ಜ್ ವಾಷಿಂಗ್ಟನ್ನರಿಗೆ ಸ್ವಂತ ಮಕ್ಕಳೇ ಇರಲಿಲ್ಲ. ಅಮೆರಿಕದ 2000ನೇ ಇಸವಿಯ ಜನಗಣತಿಯಲ್ಲಿ ಈ ಹೆಸರಿನವರು ಸುಮಾರು 1,63,000 ಮಂದಿ ಇದ್ದು, ಅವರಲ್ಲಿ ಶೇಕಡ 90ರಷ್ಟು ಜನ ಆಫ್ರಿಕನ್ ಅಮೆರಿಕನ್ನರು. ಇವರೆಲ್ಲರ ಪೂರ್ವಿಕರು ಜಾರ್ಜರ ಜಮೀನಿನಲ್ಲಿ ಗುಲಾಮರಾಗಿದ್ದವರು ಎಂದು ಭಾವಿಸುವುದೂ ತಪ್ಪು. ಗುಲಾಮಗಿರಿಯಿಂದ ಬಿಡುಗಡೆಯಾದಾಗ ಮನೆತನದ ಹೆಸರು ಬೇಕಾಗಿ ಬಂದ ಅನೇಕರು ತಾವೇ ಒಂದನ್ನು ಆರಿಸಿಕೊಂಡರು. 1856ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ, ಮುಂದೆ ಟಸ್ಕೀಗಿಯ ಪ್ರಸಿದ್ಧ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಬುಕರ್ ಟಿ. ವಾಷಿಂಗ್ಟನ್ ತಮ್ಮ ಅನುಭವವನ್ನು ಬರೆದಿಟ್ಟಿದ್ದಾರೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಉಳಿದ ಮಕ್ಕಳಿಗೆಲ್ಲ ಕನಿಷ್ಠ ಎರಡು ಹೆಸರುಗಳಿದ್ದವು, ಇವರಿಗಿದ್ದದ್ದು ‘ಬುಕರ್’ ಎಂಬ ಒಂದೇ ಹೆಸರು. ತಮ್ಮ ಸರದಿ ಬಂದಾಗ, ಹುಟ್ಟಿದಾಗಿನಿಂದಲೂ ಅದೇ ಹೆಸರು ಎಂಬಂತೆ, ಶಾಂತವಾಗಿ ‘ಬುಕರ್ ವಾಷಿಂಗ್ಟನ್’ ಎಂದುಬಿಟ್ಟರು. ಅವರ ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ಅಲ್ಲಿ ಅದು ಮನೆತನದ ಹೆಸರಲ್ಲ, ಸ್ವಂತ ಹೆಸರು ಎಂಬುದನ್ನೂ ಗಮನಿಸಿ.

ಪ್ರಶ್ನೆ: ಬರವಣಿಗೆಯಲ್ಲಿ ಬರಿಯ ‘ವಾಷಿಂಗ್ಟನ್’ ಎಂದರೆ ಯಾವುದನ್ನು ತಿಳಿಯಬೇಕು?

ಉತ್ತರ: ವಿಶೇಷಣವಿಲ್ಲದಿದ್ದರೆ, ಸಾಮಾನ್ಯವಾಗಿ ರಾಜಧಾನಿಯನ್ನು. ಇಂಗ್ಲೆಂಡಿನ ಊರು ಚರ್ಚೆಗೆ ಬಂದಾಗ ಅದನ್ನು ಸ್ಪಷ್ಟವಾಗಿ ಹೇಳಲೇಬೇಕು, ಮೂಲ ಅದೇ ಆಗಿದ್ದರೂ. ನಿಜವಾದ ಗೊಂದಲವಿರುವುದು ಪೆಸಿಫಿಕ್ ಕರಾವಳಿಯಲ್ಲಿರುವ ಅದೇ ಹೆಸರಿನ ರಾಜ್ಯದಿಂದ. 1853ರಲ್ಲಿ ಆ ಪ್ರದೇಶದವರು ತಮಗೆ ‘ಕೊಲಂಬಿಯಾ’ ಎಂಬ ಹೆಸರು ಬೇಕೆಂದು ಕೇಳಿದ್ದರು. ರಾಜಧಾನಿ ಇರುವ ‘ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ’ದೊಡನೆ ಅದು ಗೊಂದಲವಾಗುತ್ತದೆಂದು ಸಂಸತ್ತು ‘ವಾಷಿಂಗ್ಟನ್’ ಎಂಬ ಹೆಸರನ್ನು ಕೊಟ್ಟಿತು. ಗೊಂದಲ ತಪ್ಪಿಸಲು ಮಾಡಿದ ಈ ಏರ್ಪಾಡಿನ ಫಲವನ್ನು ಓದುಗರು ಇಂದಿಗೂ ಅನುಭವಿಸುತ್ತಿದ್ದಾರೆ. ಆದ್ದರಿಂದ ರಾಜಧಾನಿಗೆ ‘ವಾಷಿಂಗ್ಟನ್ ಡಿ.ಸಿ.’ ಎಂದೂ, ಸಿಯಾಟಲ್ ಇರುವ ಪ್ರದೇಶಕ್ಕೆ ‘ವಾಷಿಂಗ್ಟನ್ ರಾಜ್ಯ’ ಎಂದೂ ಬರೆಯುವುದು ಒಳ್ಳೆಯದು. ‘ವಾಷಿಂಗ್ಟನ್ ಎಚ್ಚರಿಸಿದೆ’ ಎಂಬಂಥ ಸುದ್ದಿವಾಕ್ಯಗಳಲ್ಲಿ ಹೆಸರು ಅಮೆರಿಕದ ಸರ್ಕಾರಕ್ಕೆ ಸಲ್ಲುತ್ತದೆ, ಆಗ ಕ್ರಿಯಾಪದ ನಪುಂಸಕಲಿಂಗದಲ್ಲಿರುತ್ತದೆ. ಅಧ್ಯಕ್ಷ ಜಾರ್ಜರನ್ನು ಉದ್ದೇಶಿಸಿದ್ದರೆ ‘ವಾಷಿಂಗ್ಟನ್ ಎಚ್ಚರಿಸಿದರು’ ಎಂದಾಗುತ್ತದೆ.