ಗೋಲ್ಡ್‌ಫಿಶ್ ಉಗುಳಿದರೆ ಔಷಧಿ ಸುರಿಯಬೇಡಿ

'ಸರ್, ನಮ್ಮ ಗೋಲ್ಡ್‌ಫಿಶ್ ಕಾಳನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತದೆ. ಮತ್ತೆ ಎತ್ತಿಕೊಳ್ಳುತ್ತದೆ, ಮತ್ತೆ ಉಗುಳುತ್ತದೆ. ಕಲ್ಲನ್ನೂ ಹಾಗೇ ಮಾಡುತ್ತದೆ. ಬಾಯಿ ರುಚಿ ಕೆಟ್ಟಿದೆ ಅಂತ ಅಂಗಡಿಯವರು ಹಸಿವಿನ ಡ್ರಾಪ್ಸ್ ಕೊಟ್ಟಿದ್ದಾರೆ. ಎಷ್ಟು ದಿನ ಹಾಕಬೇಕು?'

ಒಂದು ದಿನವೂ ಬೇಡ. ಈ ಪ್ರಶ್ನೆ ನನಗೆ ಬರುತ್ತಲೇ ಇದೆ. ಪ್ರತಿ ಸಲವೂ ಜೊತೆಗೊಂದು ಬಾಟಲಿಯ ಹೆಸರು ಇರುತ್ತದೆ. ನಿಮ್ಮ ಮೀನಿಗೆ ಕಾಯಿಲೆ ಇಲ್ಲ. ಮೆಲುಕು ಹಾಕುವ ಹಸುವಿಗೆ ಯಾರಾದರೂ ಔಷಧಿ ಕೊಡುತ್ತಾರಾ?

ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿದ್ದೀರಲ್ವಾ? ಗೋಲ್ಡ್‌ಫಿಶ್ ಬಾಯೊಳಗೆ ಮಾಡುವುದು ಅದೇ ಕೆಲಸ. ತಳದ ಕೆಸರು, ಮರಳು ಕೆದಕಿ ತಿನ್ನುವ ಮೀನು ಅದು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ನೆಂಟ. ಈ ಬಳಗದ ಮೀನುಗಳ ಅಂಗುಳಿನಲ್ಲಿ, ಸ್ವಲ್ಪ ಹಿಂದಕ್ಕೆ, ದಪ್ಪನೆಯ ಮಾಂಸದ ಮೆತ್ತೆ ಇರುತ್ತದೆ. ಕಾಟ್ಲಾ ತಲೆಯ ಸಾರು ಮಾಡುವವರು ಅದನ್ನು ಕೈಯಲ್ಲಿ ಮುಟ್ಟಿಯೇ ಇರುತ್ತಾರೆ. ಸುಮಾರು ಜನ ಅದನ್ನೇ ನಾಲಿಗೆ ಅಂದುಕೊಳ್ಳುತ್ತಾರೆ. ಹೆಚ್ಚುಕಡಿಮೆ 2,300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಕೂಡ ಗೆಂಡೆ ಮೀನಿನ ಬಗ್ಗೆ ಇದೇ ಮಾತು ಬರೆದಿದ್ದ. ಸರಿಯಾಗಿ ನೋಡದವರು ಅಂಗುಳನ್ನೇ ನಾಲಿಗೆ ಅಂದುಕೊಳ್ಳುತ್ತಾರೆ ಅಂತ.

ಆ ಮೆತ್ತೆಯ ತುಂಬಾ ರುಚಿಮೊಗ್ಗುಗಳು. ಕೆಳಗೆ ಕಿವಿರಿನ ಕಮಾನುಗಳ ಮೇಲೂ ಇವೆ. ಮೀನು ಮರಳಿನ ಸಮೇತ ಒಂದು ಗುಕ್ಕು ಒಳಗೆ ಎಳೆದುಕೊಳ್ಳುತ್ತದೆ. ತಿನಿಸಿನ ಚೂರು ಎಲ್ಲಿ ತಗುಲಿತೋ ಅಲ್ಲಿನ ಮಾಂಸ ಮಾತ್ರ ಉಬ್ಬಿ ಅದನ್ನು ಒತ್ತಿ ಹಿಡಿಯುತ್ತದೆ. ಉಳಿದ ಮರಳು ನೀರಿನ ಜೊತೆ ಹೊರಗೆ ಹೋಗುತ್ತದೆ. ಇದಕ್ಕಾಗಿಯೇ ಅದರ ಮಿದುಳಿನ ಹಿಂಭಾಗದಲ್ಲಿ ದೊಡ್ಡದೊಂದು ಉಬ್ಬು ಇದೆ. ಬಾಯಿಯ ಯಾವ ಜಾಗದಿಂದ ರುಚಿ ಬಂತು ಎನ್ನುವುದು ಅಲ್ಲಿ ನಕ್ಷೆಯ ಹಾಗೆ ಮೂಡುತ್ತದೆ, ಅದೇ ಜಾಗದ ಸ್ನಾಯುವಿಗೆ ಅಲ್ಲಿಂದಲೇ ಅಪ್ಪಣೆ ಹೋಗುತ್ತದೆ. ಎಷ್ಟು ಸಲ ಪಾಠ ಮಾಡಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ. ಇಂಥ ಬಾಯಿಗೆ 'ರುಚಿ ಕೆಟ್ಟಿದೆ' ಅಂದರೆ ಸಿಟ್ಟು ಬರುತ್ತದೆ.

ಇನ್ನು ಕಾಳು. ಗೋಲ್ಡ್‌ಫಿಶ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಗಟ್ಟಿ ಕಾಳು ಒಂದೇ ಸಲಕ್ಕೆ ಅರೆಯದಿದ್ದರೆ ಉಗುಳಿ, ನೆನೆದ ಮೇಲೆ ಮತ್ತೆ ತೆಗೆದುಕೊಳ್ಳುತ್ತದೆ. ಸಣ್ಣ ಕಾಳು ತನ್ನಿ, ಇಲ್ಲವೇ ನೆನೆಸಿ ಹಾಕಿ. ಅದಕ್ಕೆ ಜಠರವೂ ಇಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕೊಡಿ.

ಕೊನೆಗೂ ನುಂಗದೆ ಬಿಟ್ಟರೆ ಮಾತ್ರ ಯೋಚಿಸಿ. ಮೊದಲು ನೀರಿನ ಅಮೋನಿಯಾ, ಅಂದರೆ ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ, ಎಷ್ಟಿದೆ ನೋಡಿ. ಡಬ್ಬಿ ತೆರೆದು ಎಷ್ಟು ತಿಂಗಳಾಯಿತು ನೋಡಿ, ಹಳೆ ಕಾಳಿನ ಎಣ್ಣೆ ಕಮಟು ಹಿಡಿದಿರುತ್ತದೆ. ತುಟಿಯ ಮೇಲೆ ಹತ್ತಿಯಂಥ ಬಿಳುಪು ಕಂಡರೆ, ಅಥವಾ ಬಾಯಿ ತೆರೆದೇ ಇದ್ದರೆ, ಪಶುವೈದ್ಯರಿಗೆ ತೋರಿಸಿ. ಬಾಯಿ ತೆರೆದೇ ಇದ್ದರೆ ಕಲ್ಲು ಸಿಕ್ಕಿರಬಹುದು. ಚಿಮಟ ಹಾಕಿ ನೀವೇ ಎಳೆಯಬೇಡಿ. ಹಾಗೆ ಎಳೆದು ದವಡೆ ಕಿತ್ತ ಮೀನೊಂದನ್ನು ನನ್ನ ಹತ್ತಿರ ತಂದಿದ್ದರು, ಉಳಿಯಲಿಲ್ಲ. ತೊಟ್ಟಿಯ ತಳದಲ್ಲಿರುವ ಬಟಾಣಿ ಗಾತ್ರದ ಕಲ್ಲನ್ನು ಇವತ್ತೇ ತೆಗೆಯಿರಿ. ಒಂದೋ ನುಣ್ಣನೆ ಮರಳು, ಇಲ್ಲವೇ ಬಾಯಿಗೆ ಹಿಡಿಯದಷ್ಟು ದೊಡ್ಡ ಕಲ್ಲು ಹಾಕಿ.

'ಕ್ಯಾಟ್‌ಫಿಶ್ ಮೀಸೆ ಕತ್ತರಿಸಿದರೆ ಬೇರೆ ಮೀನಿಗೆ ಕಾಟ ಕೊಡಲ್ಲ ಅಂತಾರೆ, ನಿಜಾನಾ?'

ಸುಳ್ಳು. ಅದು ಕೂದಲಲ್ಲ. ನರ, ರುಚಿಮೊಗ್ಗು ತುಂಬಿದ ಜೀವಂತ ಅಂಗ. ಅಮೆರಿಕದ ಹಳದಿ ಬುಲ್‌ಹೆಡ್ ಎಂಬ ಮೀಸೆಮೀನಿನ ಮೈಮೇಲೆ 1.75 ಲಕ್ಷಕ್ಕೂ ಜಾಸ್ತಿ ರುಚಿಮೊಗ್ಗು ಲೆಕ್ಕ ಸಿಕ್ಕಿದೆ. ನಮ್ಮ ಬಾಯಲ್ಲಿರುವುದು ಕೆಲವು ಸಾವಿರ. ಬುಲ್‌ಹೆಡ್‌ಗಳ ವಾಸನೆ ಶಕ್ತಿ ತೆಗೆದರೂ ಅವು ರುಚಿಯ ಜಾಡು ಹಿಡಿದೇ ತಿನಿಸು ಹುಡುಕುತ್ತವೆ ಎಂದು 1967ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕತ್ತರಿಸಲು ಹೇಳಿದವರ ಅಂಗಡಿಗೆ ಇನ್ನು ಹೋಗಬೇಡಿ.

'ಮೀನಿಗೆ ನಾಲಿಗೆ ಇದೆಯಾ?'

ಇದೆ. ಮೂಳೆಗೆ ಚರ್ಮ ಹೊದಿಸಿದಂಥದ್ದು. ಹೊರಗೆ ಚಾಚಲು ಬರುವುದಿಲ್ಲ.

'ಗಾಳಕ್ಕೆ ಹಾಕುವ ರಾಗಿ ಉಂಡೆಗೆ ವೆನಿಲ್ಲಾ ಎಸೆನ್ಸ್ ಬೆರೆಸಬೇಕಾ?'

ಸುಮ್ನೆ ದುಡ್ಡು ದಂಡ. ವೆನಿಲ್ಲಾ ಬರೀ ವಾಸನೆ. ಮೀನಿನ ರುಚಿಮೊಗ್ಗುಗಳು ಚುರುಕಾಗುವುದು ಹೆಚ್ಚಾಗಿ ಅಮೈನೋ ಆಮ್ಲಗಳಿಗೆ, ಅಂದರೆ ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳಿಗೆ. ಎರೆಹುಳದಲ್ಲಿ ಅವು ಬೇಕಾದಷ್ಟಿವೆ.

'ಪಾಂಫ್ರೆಟ್ ಬಾಯಲ್ಲಿ ಬಿಳಿ ಹುಳ ಸಿಕ್ಕಿತು. ಇಡೀ ಮೀನು ಎಸೆದೆವು. ಸರಿ ತಾನೇ?'

ಎಸೆಯಬೇಕಿರಲಿಲ್ಲ. ಅದು ಸೀಗಡಿಯ ದೂರದ ನೆಂಟ, ಮೀನಿನ ಬಾಯಲ್ಲಿ ಕಚ್ಚಿಕೊಂಡು ಬದುಕುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಮುಂದಿನ ಸಲ ಅದನ್ನು ಕಿತ್ತು ಬಿಸಾಡಿ, ಮೀನು ತಾಜಾ ಇದ್ದರೆ ಚೆನ್ನಾಗಿ ತೊಳೆದು ಬೇಯಿಸಿ.